ಪಥ್ಯದ ಮಗು ಮತ್ತು ಖಡಕ್ ರೊಟ್ಟಿ

ನಮ್ಮ ಸೀಮೆಯಲ್ಲಿ ದಾಸೋಹವೆಂದರೆ ಗೋಧಿಯ ಹುಗ್ಗಿ. ಜಾತ್ರೆಯ ದಿನ ಕೊಪ್ಪರಿಗೆಯಲ್ಲಿ ಕುಟ್ಟಿದ ಗೋಧಿ ಬೆಂದು, ಬೆಲ್ಲ ಕರಗಿ, ಅದರ ಪರಿಮಳವು ಮಠದ ಪ್ರಾಂಗಣವನ್ನು ತುಂಬಿದಾಗಲೇ ಹಬ್ಬ ಬಂದಿತೆಂದು ಮಕ್ಕಳು ತಿಳಿಯುತ್ತಾರೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಪಂಕ್ತಿಯಲ್ಲಿ ನಾನು ಹುಗ್ಗಿ ಬಡಿಸುತ್ತಿದ್ದೆನು. ಎರಡನೆಯ ತರಗತಿಯಲ್ಲಿದ್ದ ವನದುರ್ಗದ ಬಾಲಕನೊಬ್ಬನು ತಟ್ಟೆಯ ಮೇಲೆ ಅಂಗೈ ಅಡ್ಡಹಿಡಿದು, "ಬ್ಯಾಡ್ರೀ ಸರ್, ಅವ್ವ ಬೈತಾಳ್ರೀ" ಎಂದನು. ಮಕ್ಕಳ ಹಟವೆಂದು ಬಗೆದು, "ಪ್ರಸಾದಕ್ಕ ಬ್ಯಾಡ ಅನಬಾರದಪ್ಪ, ಒಂದು ತುತ್ತು ತಗೋ" ಎಂದು ನಾನು ಬಡಿಸಿಯೇ ಬಿಟ್ಟೆನು. ಗುರುಗಳ ಮಾತನ್ನು ಮೀರಲಾರದೆ ಅವನು ಉಂಡನು. ಮರುದಿನದಿಂದ ನಾಲ್ಕು ದಿನ ಅವನು ಶಾಲೆಗೆ ಬರಲಿಲ್ಲ. ಐದನೆಯ ದಿನ ಅವನ ತಾಯಿ ಬಂದು, ಸಿಟ್ಟಿನ ಒಂದು ಮಾತನ್ನೂ ಆಡದೆ, ವೈದ್ಯರು ಬರೆದುಕೊಟ್ಟ ಚೀಟಿಯನ್ನು ನನ್ನ ಮುಂದಿಟ್ಟಳು. ಗೋಧಿಯ ಯಾವ ಪದಾರ್ಥವನ್ನೂ ಆಜೀವಪರ್ಯಂತ ಕೊಡಕೂಡದೆಂದು ಅದರಲ್ಲಿ ಬರೆದಿತ್ತು.

ವಿಜ್ಞಾನವನ್ನು ಪಾಠ ಮಾಡುವವನಾಗಿಯೂ ಆ ಚೀಟಿಯಲ್ಲಿದ್ದ ರೋಗದ ಹೆಸರನ್ನು ನಾನು ಅಂದಿನವರೆಗೆ ಪುಸ್ತಕದಲ್ಲಿ ಮಾತ್ರ ಓದಿದ್ದೆನು. ಆ ಮಗುವಿನ ನಿಮಿತ್ತವಾಗಿ ಕಲಿತುದನ್ನು ಸಹೋಪಾಧ್ಯಾಯರ, ಹಳೆಯ ವಿದ್ಯಾರ್ಥಿಗಳ ಹಾಗೂ ದಾಸೋಹಕ್ಕೆ ನೆರವಾಗುವ ಮಹನೀಯರ ಅವಗಾಹನೆಗೆ ತರುವುದು ಈ ಲೇಖನದ ಉದ್ದೇಶ.

ರೋಗದ ಹೆಸರು ಸೀಲಿಯಾಕ್. ಗೋಧಿ, ಬಾರ್ಲಿ ಮತ್ತು ರೈ ಎಂಬ ಮೂರು ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಅಂಟಿನ ಪ್ರೋಟೀನು ಇರುತ್ತದೆ. ಹುಟ್ಟಿನಿಂದಲೇ ಅಂಥ ಪ್ರವೃತ್ತಿಯುಳ್ಳ ಕೆಲವರಲ್ಲಿ ಈ ಪ್ರೋಟೀನು ಕರುಳನ್ನು ಮುಟ್ಟಿದೊಡನೆ ದೇಹದ ರಕ್ಷಣಾಶಕ್ತಿಯು ತನ್ನ ಕರುಳಿನ ಮೇಲೆಯೇ ತಿರುಗಿ ಬೀಳುತ್ತದೆ. ಸಣ್ಣ ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ನೂಲಿನಂತೆ ಎದ್ದು ನಿಂತಿರುವ ಸೂಕ್ಷ್ಮ ಎಸಳುಗಳು ಸವೆದು ಚಪ್ಪಟೆಯಾಗುತ್ತವೆ. ಉಂಡ ಅನ್ನದ ಸಾರವು ಮೈಗೆ ಹತ್ತುವುದಿಲ್ಲ. ಹೊಟ್ಟೆ ಉಬ್ಬುವುದು, ಪದೇಪದೇ ಭೇದಿ, ರಕ್ತಹೀನತೆ, ವಯಸ್ಸಿಗೆ ತಕ್ಕ ಎತ್ತರವಿಲ್ಲದಿರುವುದು ಇದರ ಲಕ್ಷಣಗಳು. ಇಂಗ್ಲೆಂಡಿನ ವೈದ್ಯ ಸಾಮ್ಯುಯೆಲ್ ಗೀ 1888ರಲ್ಲಿಯೇ ಈ ವ್ಯಾಧಿಯನ್ನು ವಿವರಿಸಿ, ಇದಕ್ಕೆ ಪರಿಹಾರವಿದ್ದರೆ ಅದು ಆಹಾರದಲ್ಲಿಯೇ ಇರಬೇಕೆಂದು ಊಹಿಸಿದ್ದನು. ಅಪರಾಧಿ ಗೋಧಿಯೆಂಬುದನ್ನು ತೋರಿಸಿಕೊಟ್ಟವನು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, ಅಂದರೆ 1944-45ರಲ್ಲಿ, ಆ ದೇಶದಲ್ಲಿ ಬ್ರೆಡ್ಡಿಗೆ ಕ್ಷಾಮ ಬಂದಿತು. ಊರಿಗೆ ಊರೇ ಹಸಿದಿದ್ದಾಗ ಈ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮರಳಿ ಬಂದಾಗ ಅವರ ರೋಗವೂ ಮರಳಿತು. ಮೊದಲೇ ಡಿಕೆಯ ಮನಸ್ಸಿನಲ್ಲಿದ್ದ ಸಂಶಯವು ಇದರಿಂದ ಬಲವಾಯಿತು; 1950ರಲ್ಲಿ ಅವನು ತನ್ನ ಪ್ರಬಂಧವನ್ನು ಪ್ರಕಟಿಸಿದನು. ಅಂದಿಗೂ ಇಂದಿಗೂ ಚಿಕಿತ್ಸೆ ಒಂದೇ: ಬದುಕಿರುವವರೆಗೆ ಪಥ್ಯ.

ನಮ್ಮ ದೇಶದಲ್ಲಿ ಚಪಾತಿಯನ್ನೇ ಮುಖ್ಯವಾಗಿ ಉಣ್ಣುವ ಉತ್ತರದ ಪ್ರಾಂತಗಳಲ್ಲಿ ಈ ರೋಗ ಸುಮಾರು ನೂರು ಜನರಲ್ಲಿ ಒಬ್ಬರಿಗೆ ಇದೆಯೆಂದು ಸಮೀಕ್ಷೆಗಳು ಹೇಳುತ್ತವೆ; ದಕ್ಷಿಣದಲ್ಲಿ ಅದು ಬಹಳ ವಿರಳ. ವಿರಳವೆಂಬ ಕಾರಣದಿಂದಲೇ ನಮ್ಮ ಕಡೆ ಯಾರಿಗೂ ಅದರ ನೆನಪು ಬರುವುದಿಲ್ಲ. ಈ ಬಾಲಕನಿಗೂ ಒಂದೂವರೆ ವರ್ಷ ಜಂತುವಿನ ಔಷಧ ಮತ್ತು ಟಾನಿಕ್ಕುಗಳೇ ನಡೆದವು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಸಂಶಯ ಬಂದ ಕೂಡಲೇ ಪಾಲಕರು ತಾವಾಗಿಯೇ ಗೋಧಿಯನ್ನು ನಿಲ್ಲಿಸಕೂಡದು. ಗೋಧಿ ಉಣ್ಣುತ್ತಿರುವಾಗಲೇ ರಕ್ತಪರೀಕ್ಷೆ ಆಗಬೇಕು. ನಿಲ್ಲಿಸಿದ ಮೇಲೆ ಮಾಡಿದರೆ ಇದ್ದ ರೋಗವೂ ಕಾಣದೆ ಹೋಗಬಹುದು.

ಈ ಮಗುವಿನ ವಿಷಯದಲ್ಲಿ ಪಥ್ಯಕ್ಕಿಂತಲೂ ದೊಡ್ಡ ತೊಡಕೊಂದು ಇದ್ದಿತು. ಅವನು ಮೊದಲಿನಿಂದಲೂ ಮೆತ್ತಗಿನ ಪದಾರ್ಥವನ್ನು ಒಲ್ಲದವನು. ಅನ್ನ-ಸಾರು, ಉಪ್ಪಿಟ್ಟು, ಬೇಯಿಸಿದ ಕಾಯಿಪಲ್ಯ ಯಾವುದನ್ನು ಬಾಯಲ್ಲಿಟ್ಟರೂ ಉಗುಳುವನು. ಒತ್ತಾಯಿಸಿದರೆ ವಾಂತಿ ಮಾಡಿಕೊಳ್ಳುವನು. ಅವನು ಬೆಳೆದದ್ದು ಬಿಸ್ಕೀಟು, ಟೋಸ್ಟು, ಖಾರಿಗಳ ಮೇಲೆ, ಅಂದರೆ ಅಪ್ಪಟ ಗೋಧಿಯ ಮೇಲೆ. "ಸರ್, ಕುರುಂಕುರುಂ ಅಂದ್ರ ಮಾತ್ರ ತಿಂತಾನ್ರೀ. ಬಿಸ್ಕೀಟ ಬಿಡಿಸಿದ್ರ ಇವನ ಬಾಯಿಗಿ ಏನ್ ಕೊಡ್ಲಿ?" ಎಂಬುದು ತಾಯಿಯ ಪ್ರಶ್ನೆಯಾಗಿತ್ತು.

ಇದನ್ನು ಕೇವಲ ಚಾಳಿಯೆಂದು ತಳ್ಳಿಹಾಕುವುದು ಯುಕ್ತವಲ್ಲ. ಮೆತ್ತಗಿನ ಪದಾರ್ಥದ ಒಂದು ತುತ್ತು ಇನ್ನೊಂದರಂತೆ ಇರುವುದಿಲ್ಲ. ಒಂದರಲ್ಲಿ ಬೇಳೆ, ಮತ್ತೊಂದರಲ್ಲಿ ಕರಿಬೇವಿನೆಲೆ, ಇನ್ನೊಂದರಲ್ಲಿ ಟೊಮೆಟೊ ಸಿಪ್ಪೆ. ಗರಿಗರಿಯಾದ ಪದಾರ್ಥವಾದರೋ ಪ್ರತಿ ತುಣುಕಿಗೂ ಅದೇ ಆಗಿರುತ್ತದೆ. ನಾಲಿಗೆ ಸೂಕ್ಷ್ಮವಾದ ಮಗುವಿಗೆ ಅದರ ಮೇಲೆ ಭರವಸೆ. ಕಿವಿಯೂ ಇದರಲ್ಲಿ ಪಾಲ್ಗೊಳ್ಳುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಆಲೂಗಡ್ಡೆಯ ಚಿಪ್ಸನ್ನು ಕಡಿಯುವ ಸದ್ದನ್ನು ಕಿವಿಗೆ ಹೆಚ್ಚಿಸಿ ಕೇಳಿಸಿದಾಗ, ತಿನ್ನುವವರಿಗೆ ಅದೇ ಚಿಪ್ಸು ಹೆಚ್ಚು ಗರಿಗರಿಯಾಗಿ ತೋರಿತಂತೆ. ಬಾಲಕನಿಗೆ ಬೇಕಾಗಿದ್ದುದು ಬಿಸ್ಕೀಟಲ್ಲ, ಅದರ ಸದ್ದು ಎಂಬುದು ನಮಗೆ ತಿಳಿಯಲು ಸ್ವಲ್ಪ ಕಾಲ ಹಿಡಿಯಿತು.

ಉತ್ತರವು ಅಜ್ಜಿಯ ಬಾಯಿಂದ ಬಂದಿತು. "ನಮ್ಮ ಕಾಲದಾಗ ಬಿಸ್ಕೀಟ ಎಲ್ಲಿದ್ವು? ಖಡಕ್ ರೊಟ್ಟಿ ಕಡಕೊಂಡು ಆಡಾಕ ಹೋಗತಿದ್ವಿ" ಎಂದಳು ಆ ಮುದುಕಿ.

ಖಡಕ್ ರೊಟ್ಟಿಯನ್ನು ಅರಿಯದವರು ನಮ್ಮ ಭಾಗದಲ್ಲಿಲ್ಲ. ಆದರೂ ವಿಜ್ಞಾನದ ಕಣ್ಣಿನಿಂದ ನೋಡಿದರೆ ಅದು ಎಂಥ ಅದ್ಭುತವೆಂಬುದನ್ನು ಹೇಳದಿರಲಾರೆ. ಗೋಧಿಹಿಟ್ಟಿಗೆ ತಣ್ಣೀರು ಹಾಕಿ ನಾದಿದರೂ ಅದು ಜಿಗಿಯಾಗುತ್ತದೆ, ಎಳೆದರೆ ಹಿಗ್ಗುತ್ತದೆ. ಇದು ಗ್ಲುಟೆನ್ನಿನ ಗುಣ. ಜೋಳದ ಹಿಟ್ಟಿನಲ್ಲಿ ಆ ಪ್ರೋಟೀನು ಇಲ್ಲ. ಆದುದರಿಂದಲೇ ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಬಡಿಯುವಾಗ ಅಂಚು ಬಿರಿದು ಹರಿಯುತ್ತದೆ. ನಮ್ಮ ಹೆಣ್ಣುಮಕ್ಕಳು ಇದಕ್ಕೆ ತಲೆತಲಾಂತರದಿಂದ ಕಂಡುಕೊಂಡ ಉಪಾಯವೆಂದರೆ ಕುದಿಯುವ ನೀರು. ಬಿಸಿನೀರು ಬಿದ್ದೊಡನೆ ಹಿಟ್ಟಿನಲ್ಲಿರುವ ಪಿಷ್ಟದ ಕಣಗಳು ಉಬ್ಬಿ, ಒಡೆದು, ಗಂಜಿಯಂತಾಗಿ ಉಳಿದ ಹಿಟ್ಟನ್ನು ಹಿಡಿದುಕೊಳ್ಳುತ್ತವೆ. ಗ್ಲುಟೆನ್ ಮಾಡಬೇಕಾದ ಕೆಲಸವನ್ನು ಇಲ್ಲಿ ಪಿಷ್ಟವು ಮಾಡುತ್ತದೆ. ಹೊಸ ಸೊಸೆಗೆ ರೊಟ್ಟಿ ಬಡಿಯಲು ಕಷ್ಟವಾಗುವುದಕ್ಕೂ ಈ ಮಗುವಿಗೆ ಜೋಳವು ನಿರ್ಭಯವಾಗಿರುವುದಕ್ಕೂ ಕಾರಣ ಒಂದೇ. ಜೋಳದ ಆಹಾರವನ್ನು ಸೀಲಿಯಾಕ್ ರೋಗಿಗಳಿಗೆ ಕೊಟ್ಟು ನೋಡಿದ ಇಟಲಿಯ ಸಂಶೋಧಕರು, ಅದರಿಂದ ತೊಂದರೆ ಕಾಣಲಿಲ್ಲವೆಂದು 2007ರಲ್ಲಿ ವರದಿ ಮಾಡಿದ್ದಾರೆ.

ತೆಳ್ಳಗೆ ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಒದ್ದೆಬಟ್ಟೆಯಿಂದ ಮೇಲೆ ನೀರು ಸವರಿ, ಎರಡೂ ಬದಿ ಬೇಯಿಸಿದ ಮೇಲೆ, ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತ ತಿರುವಿಹಾಕುತ್ತ ನೀರಿನ ಅಂಶವನ್ನೆಲ್ಲ ಹೊರಗೆಡವಬೇಕು. ಬೆಂದ ಪಿಷ್ಟದಿಂದ ನೀರು ಹೋದಾಗ ಅದು ಗಾಜಿನಂತೆ ಬಿರುಸಾಗುತ್ತದೆ. ಹಲ್ಲು ತಾಗಿದಾಗ ಬಾಗದೆ ಥಟ್ಟನೆ ಮುರಿಯುತ್ತದೆ. ಕುರುಂ ಎಂಬ ಸದ್ದು ಆ ಮುರಿತದ್ದೇ. ಗಾಳಿಯ ತೇವವನ್ನು ಹೀರಿಕೊಂಡರೆ ಅದೇ ರೊಟ್ಟಿ ಮೆತ್ತಗಾಗುತ್ತದೆ. ನಮ್ಮ ಬೇಸಗೆಯಲ್ಲಿ ಬುಟ್ಟಿಯಲ್ಲಿಟ್ಟರೂ ಕೆಡದ ರೊಟ್ಟಿಯು ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಎರಡೇ ದಿನಕ್ಕೆ ಬಿರುಸು ಕಳೆದುಕೊಳ್ಳುವುದರ ಗುಟ್ಟು ಇದು. ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟು, ಉಣ್ಣುವ ಮುನ್ನ ಹಂಚಿನ ಮೇಲೆ ಒಮ್ಮೆ ಬೆಚ್ಚಗೆ ಮಾಡಿದರೆ ಗರಿ ಮರಳುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳ ಭಕ್ತರು ಲಕ್ಷಗಟ್ಟಲೆ ಜೋಳದ ರೊಟ್ಟಿಗಳನ್ನು ಮುಂಚಿತವಾಗಿಯೇ ಮಾಡಿ ಗಾಡಿಗಳಲ್ಲಿ ತುಂಬಿ ತರುವುದು ಸಾಧ್ಯವಾಗಿರುವುದೂ ರೊಟ್ಟಿಯ ಈ ಗುಣದಿಂದಲೇ. ಅದೇ ಪಂಕ್ತಿಯಲ್ಲಿ ಬಡಿಸುವ ಮಾದಲಿ ಮಾತ್ರ ಗೋಧಿಯದು. ನಮ್ಮ ಬಾಲಕನಂಥವರಿಗೆ ಒಂದೇ ತಟ್ಟೆಯ ಒಂದು ಬದಿ ಅಮೃತ, ಇನ್ನೊಂದು ಬದಿ ವಿಷ.

ರೊಟ್ಟಿ ದೊರೆತೊಡನೆ ಸಮಸ್ಯೆ ಮುಗಿಯಿತೆಂದು ನಾವು ತಿಳಿದದ್ದು ತಪ್ಪಾಯಿತು. ಮೂರು ವಾರ ಕಳೆದರೂ ಮಗುವಿನ ಹೊಟ್ಟೆನೋವು ಪೂರ್ತಿ ನಿಲ್ಲಲಿಲ್ಲ. ತಾಯಿಯೊಡನೆ ಕುಳಿತು ಒಂದೊಂದನ್ನೇ ವಿಚಾರಿಸಿದಾಗ, ರೊಟ್ಟಿಗೆ ಜಿಗಿ ಬರಲೆಂದು ಒಂದು ಹಿಡಿ ಗೋಧಿಹಿಟ್ಟನ್ನು ಬೆರೆಸುವ ರೂಢಿ ಆ ಮನೆಯಲ್ಲಿ ಮೊದಲಿನಿಂದ ಇದ್ದುದು ತಿಳಿಯಿತು. ಅದು ಎಲ್ಲರಿಗೂ ಎಷ್ಟು ಸಹಜವಾಗಿತ್ತೆಂದರೆ ಯಾರಿಗೂ ಹೇಳಬೇಕೆನಿಸಿರಲಿಲ್ಲ. ಅದನ್ನು ಬಿಡಿಸಿ, ಜೋಳದೊಡನೆ ಒಂದಿಷ್ಟು ಉದ್ದಿನಬೇಳೆ ಬೀಸಿಕೊಳ್ಳುವಂತೆ ಅಜ್ಜಿಯೇ ಸೂಚಿಸಿದಳು. ಎರಡನೆಯದು ಗಿರಣಿ. ಗೋಧಿ ಬೀಸಿದ ಕಲ್ಲಿನಲ್ಲಿಯೇ ಜೋಳ ಹಾಕಿದರೆ ಒಳಗೆ ಅಂಟಿಕೊಂಡ ಗೋಧಿಹಿಟ್ಟು ಜೋಳದಲ್ಲಿ ಬಂದೇ ಬರುತ್ತದೆ. ಎಷ್ಟು ಬಂದರೆ ಕೇಡು? ಒಂದು ಕಿಲೋ ಆಹಾರದಲ್ಲಿ ಗ್ಲುಟೆನ್ನು 20 ಮಿಲಿಗ್ರಾಮನ್ನು ಮೀರಿದರೆ ಅದನ್ನು ಗ್ಲುಟೆನ್‌ರಹಿತವೆಂದು ಮಾರಲು ನಮ್ಮ ದೇಶದ ಆಹಾರ ಸುರಕ್ಷತೆಯ ನಿಯಮ ಒಪ್ಪುವುದಿಲ್ಲ. ಅಷ್ಟು ಸೂಕ್ಷ್ಮವಾದ ವಿಷಯದಲ್ಲಿ ಊರ ಗಿರಣಿಯನ್ನು ನಂಬುವುದು ಹೇಗೆ? ಕಡೆಗೆ ಅಟ್ಟದ ಮೇಲಿದ್ದ ಬೀಸುವ ಕಲ್ಲು ಕೆಳಗಿಳಿಯಿತು. ಜೋಳವನ್ನು ಹಸನು ಮಾಡಿ, ಸೇರಿರಬಹುದಾದ ಗೋಧಿಕಾಳನ್ನು ಆರಿಸಿ, ತೊಳೆದು ಒಣಗಿಸಿ, ಆ ಕಲ್ಲಿನಲ್ಲಿಯೇ ಬೀಸತೊಡಗಿದರು. ಹಂಚು, ನಾದುವ ಪರಾತ, ಒದ್ದೆಬಟ್ಟೆ ಎಲ್ಲವೂ ಬೇರೆಯಾದವು.

ಮೂರನೆಯ ಕಳ್ಳನನ್ನು ಹಿಡಿಯಲು ಇನ್ನೂ ತಡವಾಯಿತು. ಅದು ಹಿಂಗು. ಶುದ್ಧ ಹಿಂಗಿನ ಘಾಟು ತಡೆಯಲಾಗದ್ದಾದುದರಿಂದ ಅಂಗಡಿಯ ಡಬ್ಬಿಯ ಹಿಂಗಿಗೆ ಹಿಟ್ಟು ಬೆರೆಸಿರುತ್ತಾರೆ. ಅನೇಕ ವೇಳೆ ಅದು ಗೋಧಿಯ ಹಿಟ್ಟು. ಹೀಗೆ ಉದ್ದಿನ ಹಪ್ಪಳದಲ್ಲಿ, ಸಾರಿನ ಒಗ್ಗರಣೆಯಲ್ಲಿ ಗೋಧಿ ಅಡಗಿ ಕೂತಿರುತ್ತದೆ. ಸಂಡಿಗೆಯೊಡನೆ ಒಂದೇ ಮರದಲ್ಲಿ ಒಣಗುವ ಕುರಡಗಿಯು ಗೋಧಿಯ ಹಾಲಿನಿಂದ ಮಾಡಿದ್ದು. ಶಂಕರಪೋಳಿ ಮೈದಾದ್ದು; ಸಂತೆಯ ಗೋಬಿ ಮಂಚೂರಿಗೂ ಸಾಮಾನ್ಯವಾಗಿ ಮೈದಾ ಸವರುತ್ತಾರೆ. ಅವುಗಳನ್ನು ಕರಿದ ಎಣ್ಣೆಯಲ್ಲಿಯೇ ಕರಿದ ಅಕ್ಕಿಯ ಸಂಡಿಗೆಯೂ ಈ ಮಗುವಿಗೆ ವರ್ಜ್ಯ. ಶಕ್ತಿವರ್ಧಕವೆಂದು ಹಾಲಿಗೆ ಹಾಕುವ ಮಾಲ್ಟಿನ ಪುಡಿಗಳು ಬಾರ್ಲಿಯವು. ಸೊರಗಿದ ಮಗುವಿಗೆ ಮೊದಲು ಕೊಡುವುದೇ ಅದನ್ನು! ಪೇಟೆಯಲ್ಲಿ ಗ್ಲುಟೆನ್‌ರಹಿತ ಬಿಸ್ಕೀಟುಗಳು ಈಗ ದೊರೆಯುತ್ತವೆ. ಆದರೆ ಅವುಗಳ ಬೆಲೆ ಕೂಲಿಮಾಡುವವರ ಕೈಗೆ ಎಟುಕುವಂಥದಲ್ಲ.

ರೊಟ್ಟಿಯೊಂದನ್ನೇ ಯಾವ ಮಗು ಎಷ್ಟು ದಿನ ತಿಂದೀತು? ನಾಗರಪಂಚಮಿಗೆ ಹುರಿಯುವ ಜೋಳದ ಅಳ್ಳು ಅವನಿಗೆ ಬಹಳ ಹಿಡಿಸಿತು. ಕಾಳಿಗೆ ನೀರು ಚಿಮುಕಿಸಿ ಸ್ವಲ್ಪ ಹೊತ್ತು ಇಟ್ಟು, ಚೆನ್ನಾಗಿ ಕಾದ ಬಾಣಲೆಯಲ್ಲಿ ಹಿಡಿಹಿಡಿಯಾಗಿ ಹಾಕಿದರೆ, ಕಾಳಿನೊಳಗಿನ ತೇವವು ಆವಿಯಾಗಿ ಸಿಡಿದು ಅರಳುತ್ತದೆ. ಹಬ್ಬಕ್ಕೊಮ್ಮೆ ಮಾತ್ರ ಏಕೆ ಮಾಡಬೇಕು? ಅಕ್ಕಿಯಿಂದಾದ ಚುರುಮುರಿ, ಅವಲಕ್ಕಿಯ ಚೂಡಾ, ಪುಟಾಣಿ, ಬೆಲ್ಲದಲ್ಲಿ ಕಟ್ಟಿದ ಶೇಂಗಾ ಚಿಕ್ಕಿ, ಮನೆಯ ಕಡಲೆಹಿಟ್ಟಿನ ಸೇವು ಎಲ್ಲವೂ ಸಲ್ಲುತ್ತವೆ. ಎಳ್ಳಮಾವಾಸ್ಯೆ, ಸಂಕ್ರಾಂತಿಗಳ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಖಡಕ್ಕಾದಾಗ ಬಿಸ್ಕೀಟನ್ನು ಮೀರಿಸುತ್ತದೆ. ಸಜ್ಜೆಯ ಹಿಟ್ಟು ಮಾತ್ರ ಕೆಲವೇ ದಿನಗಳಲ್ಲಿ ಕಹಿಯಾಗುವುದರಿಂದ ಆಗಾಗ್ಗೆ ಬೀಸಿಕೊಳ್ಳಬೇಕು. ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಸೌತೆಕಾಯಿ, ಗಜ್ಜರಿ, ಮೂಲಂಗಿ ನಮ್ಮ ಊಟದಲ್ಲಿ ಮೊದಲಿನಿಂದ ಇವೆ. ಬೇಯಿಸಿದ ಕಾಯಿಪಲ್ಯವನ್ನು ಉಗುಳುತ್ತಿದ್ದ ಬಾಲಕನು ಗಜ್ಜರಿಯನ್ನು ಕಟಕಟನೆ ಕಡಿದನು. ಮೊದಲ ದಿನವೇ ಅಲ್ಲ. ಹನ್ನೊಂದನೆಯದೋ ಹನ್ನೆರಡನೆಯದೋ ದಿನ. ಒಲ್ಲದ ಪದಾರ್ಥವನ್ನು ಒತ್ತಾಯವಿಲ್ಲದೆ ಎಂಟು, ಹತ್ತು, ಹದಿನೈದು ಸಲವಾದರೂ ಮುಂದಿಡಬೇಕೆಂದು ಮಕ್ಕಳ ಆಹಾರವನ್ನು ಅಭ್ಯಸಿಸಿದವರು ಹೇಳುತ್ತಾರೆ. ನಾವು ಸಾಮಾನ್ಯವಾಗಿ ಮೂರನೆಯ ಸಲಕ್ಕೇ ಸೋಲುತ್ತೇವೆ. ಐದು ವರ್ಷದೊಳಗಿನ ಕೂಸುಗಳಿಗೆ ಮಾತ್ರ ಇಡೀ ಶೇಂಗಾ, ಪುಟಾಣಿ, ಹಸಿ ಗಜ್ಜರಿಯ ತುಂಡುಗಳನ್ನು ಕೊಡಬಾರದು. ಉಸಿರುನಾಳದಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ.

ಜೋಳವನ್ನು ಹೊಗಳುವ ಭರದಲ್ಲಿ ಅದರ ಕೊರತೆಯನ್ನು ಮುಚ್ಚಿಡಲಾಗದು. ಜೋಳವನ್ನೇ ನೆಚ್ಚಿ ಬದುಕುತ್ತಿದ್ದ ದಖ್ಖನದ ಬಡವರಲ್ಲಿ ಪೆಲಾಗ್ರ ಎಂಬ ವ್ಯಾಧಿ ಇದ್ದುದನ್ನೂ, ಬಿಸಿಲು ತಾಗುವ ಚರ್ಮವು ಕಪ್ಪಾಗಿ ಒರಟಾಗುತ್ತಿದ್ದುದನ್ನೂ ಹೈದರಾಬಾದಿನ ಪೋಷಣಾ ಸಂಶೋಧನಾಲಯದಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು 1960ರ ದಶಕದಲ್ಲಿ ಅಭ್ಯಾಸ ಮಾಡಿದರು. ನಯಾಸಿನ್ ಎಂಬ ಜೀವಸತ್ವದ ಅಭಾವ ಅದರ ಮೂಲ. ಶೇಂಗಾದಲ್ಲಿ ನಯಾಸಿನ್ ಹೇರಳವಾಗಿದೆ. ರೊಟ್ಟಿಯ ಮೇಲೆ ಶೇಂಗಾ ಹಿಂಡಿಯನ್ನು ಉದುರಿಸಿಕೊಳ್ಳುವ ನಮ್ಮವರ ಪದ್ಧತಿ ರುಚಿಗಾಗಿ ಹುಟ್ಟಿದ್ದಿರಬಹುದು, ಆದರೆ ಅದು ಔಷಧವೂ ಹೌದು. ಮೊಸರು ಮತ್ತು ತೊಗರಿಬೇಳೆಯೂ ಸೇರಿದರೆ ಬೆಳೆಯುವ ಮಗುವಿನ ಊಟದ ಬಹುಭಾಗ ಪೂರ್ಣವಾಗುತ್ತದೆ.

ಇದೇ ಸಂದರ್ಭದಲ್ಲಿ ಬೇರೊಂದು ಸಂಗತಿಯೂ ಮನಸ್ಸಿಗೆ ಬಂದಿತು. ನಾರಾಯಣಪುರದ ಬಸವಸಾಗರದಿಂದ ಕಾಲುವೆಯ ನೀರು ಶಹಾಪುರ, ಸುರಪುರ ತಾಲೂಕುಗಳಿಗೆ ಹರಿದ ಮೇಲೆ ಜೋಳ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದವು, ಹತ್ತಿಗೆ ಸಂದವು. ನೀರು ಬಂದದ್ದು ಭಾಗ್ಯವೇ. ಅದನ್ನು ಹಳಿಯುವ ಕೃತಘ್ನತೆ ನನಗಿಲ್ಲ. ಆದರೆ ಆ ಬಾಲಕನ ತಂದೆ ತನ್ನ ಹೊಲದಲ್ಲಿ ಭತ್ತ ಬೆಳೆದು, ಮಗನ ರೊಟ್ಟಿಗೆ ಬಿಳಿಜೋಳವನ್ನು ಪೇಟೆಯಲ್ಲಿ ಕೊಳ್ಳಬೇಕಾಯಿತು. ಮುಂದಿನ ಹಿಂಗಾರಿಗೆ ನೀರು ಹತ್ತದ ದಿಬ್ಬದ ತುಣುಕಿನಲ್ಲಿ ಮಾಲದಂಡಿ ಜೋಳವನ್ನು ಬಿತ್ತಿದನು.

ಇನ್ನು ಪ್ರಸಾದದ ಮಾತು. ಅಷ್ಟಾವರಣದಲ್ಲಿ ಪ್ರಸಾದವೂ ಒಂದು. ಅದನ್ನು ನಿರಾಕರಿಸುವುದಾಗಲಿ ಚೆಲ್ಲುವುದಾಗಲಿ ನಮ್ಮಲ್ಲಿ ಸಲ್ಲದು. ಆ ನಿಷ್ಠೆಯಿಂದಲೇ ನಾನು ಅಂದು ತಪ್ಪಿದೆನು. ಪದಾರ್ಥವು ಲಿಂಗಕ್ಕೆ ಅರ್ಪಿತವಾದಾಗ ಪ್ರಸಾದವಾಗುತ್ತದೆಯೇ ಹೊರತು ಗೋಧಿಯೆಂಬ ಕಾರಣದಿಂದಲ್ಲ. ಮಾದಾರ ಚೆನ್ನಯ್ಯನ ಅಂಬಲಿಯನ್ನು ಶಿವನು ಸವಿದನೆಂಬ ಕಥೆಯನ್ನು ನಾವೇ ಮಕ್ಕಳಿಗೆ ಹೇಳುತ್ತೇವೆ. ಅಂಬಲಿಗೆ ಒಲಿದ ದೇವರು ಜೋಳದ ರೊಟ್ಟಿಯನ್ನು ಒಲ್ಲೆನೆನ್ನುವನೆ? ಈ ಸಂದೇಹವನ್ನು ಹಿರಿಯರ ಸನ್ನಿಧಿಯಲ್ಲಿ ಅರಿಕೆಮಾಡಿಕೊಂಡಾಗ ಅವರು ನಕ್ಕು, "ರೊಟ್ಟಿಯನ್ನೂ ಅರ್ಪಿಸಿರಿ, ಅಷ್ಟೆ" ಎಂದರು. ಅಂದಿನಿಂದ ಪಂಕ್ತಿಯ ದಿನ ಹುಗ್ಗಿಯೊಡನೆ ಖಡಕ್ ರೊಟ್ಟಿಯೂ ಬೆಲ್ಲವೂ ಪೂಜೆಗೆ ಇರುತ್ತವೆ. ಹುಗ್ಗಿಯ ಸೌಟು ಅದಕ್ಕೆ ತಾಗಬಾರದೆಂದು ರೊಟ್ಟಿಯನ್ನು ಬಿಳಿಬಟ್ಟೆಯಲ್ಲಿ ಸುತ್ತಿ ಪ್ರತ್ಯೇಕ ಡಬ್ಬಿಯಲ್ಲಿಡುವರು, ಬಡಿಸುವವರೂ ಬೇರೆ. ಮಗುವನ್ನು ಬೇರೆ ಕೋಣೆಯಲ್ಲಿ ಕೂಡಿಸೋಣವೆಂದು ಒಬ್ಬಿಬ್ಬರು ಸೂಚಿಸಿದರು. ಅದು ಸುಲಭವಾದ ದಾರಿ. ಆದರೆ ಏಳು ವರ್ಷದ ಮಗುವಿಗೆ ಪಥ್ಯಕ್ಕಿಂತ ಆ ಕೋಣೆ ಕಹಿಯಾಗುತ್ತಿತ್ತು, ನಾವು ಒಪ್ಪಲಿಲ್ಲ. ಅವನು ಪಂಕ್ತಿಯ ತುದಿಯಲ್ಲಿ ಕುಳಿತುಕೊಳ್ಳುತ್ತಾನೆ, ಮೊದಲು ಅವನಿಗೆ ಬಡಿಸುತ್ತಾರೆ, ಪಕ್ಕದವರು ಅವನ ತಟ್ಟೆಗೆ ಕೈ ಹಾಕಕೂಡದೆಂಬುದನ್ನು ತರಗತಿಯ ಮಕ್ಕಳಿಗೆಲ್ಲ ತಿಳಿಸಿ ಹೇಳಿದ್ದೇವೆ.

ಬಾಲಕನು ಈಗ ಹೈಸ್ಕೂಲಿನಲ್ಲಿದ್ದಾನೆ. ಎತ್ತರ ಬಂದಿದ್ದಾನೆ; ಕಬಡ್ಡಿ ಆಡುತ್ತಾನೆ; ಅನ್ನ-ಸಾರನ್ನು ಈಗಲೂ ಮುಖ ಸಿಂಡರಿಸಿಕೊಂಡೇ ಉಣ್ಣುತ್ತಾನೆ. ಕಳೆದ ಜಾತ್ರೆಯ ಪಂಕ್ತಿಯಲ್ಲಿ ಅವನು ರೊಟ್ಟಿ ಮುರಿದ ಸದ್ದಿಗೆ ಪಕ್ಕದ ಹುಡುಗ ತಿರುಗಿ ನೋಡಿ, "ನನಗೂ ಅದೇ ಹಾಕ್ರೀ ಸರ್" ಎಂದನು. ಅವನ ಪಕ್ಕದವನೂ ಕೇಳಿದನು. ನೋಡನೋಡುತ್ತಿದ್ದಂತೆ ಇಡೀ ಸಾಲಿನಿಂದ ಕುರುಂಕುರುಂ ಸದ್ದು ಏಳತೊಡಗಿ ಡಬ್ಬಿ ಬರಿದಾಯಿತು. ಮರುದಿನ ನಸುಕಿನಲ್ಲಿ ಅವನ ತಾಯಿ ಮತ್ತೆ ಬೀಸುವ ಕಲ್ಲಿನ ಮುಂದೆ ಕುಳಿತಿದ್ದಳೆಂದು ಕೇಳಿದೆನು.